ಭರತಪುರದ ಎಮ್ಮೆಗಳು: ತಿಳಿದವರ ಮಾತು ಮತ್ತು ತಿಳಿದು ಆಡಿದ ಮಾತು

ರಾಜಸ್ಥಾನದ ಭರತಪುರದಲ್ಲಿ, ಕೇವಲಾದೇವ ಘನಾ ಎಂಬ ಹಕ್ಕಿಗಳ ಜೌಗು ನೆಲದೊಳಗೆ, ಕೇವಲಾದೇವನ ಗುಡಿಯ ಹತ್ತಿರ ಕಲ್ಲಿನ ಫಲಕಗಳಿವೆ. ಯಾವ ದಿನ ಯಾವ ಗಣ್ಯರು ಬೇಟೆಗೆ ಬಂದಿದ್ದರು, ಎಷ್ಟು ಬಂದೂಕುಗಳಿದ್ದವು, ಎಷ್ಟು ಹಕ್ಕಿಗಳು ಉರುಳಿದವು ಎಂಬ ಲೆಕ್ಕವನ್ನು ಅವುಗಳ ಮೇಲೆ ಕೊರೆದಿದ್ದಾರೆ. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಿದ್ದ ಒಂದೇ ದಿನ 4,273 ಹಕ್ಕಿಗಳು ಸತ್ತವು. ಕೊನೆಯ ಮೂರರವರೆಗೂ ಎಣಿಸಿ ಬರೆದಿಟ್ಟಿದ್ದಾರೆ. ನಲವತ್ತನಾಲ್ಕು ವರ್ಷಗಳ ಬಳಿಕ, ಇನ್ನೊಂದು ನವೆಂಬರಿನಲ್ಲಿ, ಅದೇ ಜೌಗು ನೆಲದ ಅಂಚಿನಲ್ಲಿ ಪೊಲೀಸರ ಗುಂಡಿಗೆ ಹಳ್ಳಿಗರು ಸತ್ತರು. ಎಷ್ಟು ಮಂದಿ ಎಂಬುದು ಮಾತ್ರ ಒಂದೊಂದು ಬರಹದಲ್ಲಿ ಒಂದೊಂದು ಬಗೆಯಾಗಿದೆ. ತಮ್ಮ ಎಮ್ಮೆಗಳನ್ನು ಮೊದಲಿನಂತೆ ಒಳಗೆ ಮೇಯಲು ಬಿಡಿ ಎಂಬುದಷ್ಟೇ ಆ ಜನರ ಬೇಡಿಕೆಯಾಗಿತ್ತು.

ಎಮ್ಮೆಗಳನ್ನು ಹೊರಗಟ್ಟಬೇಕು ಎಂದು ಸಲಹೆ ಕೊಟ್ಟವರು ಭಾರತದ ಅತ್ಯಂತ ದೊಡ್ಡ ಪಕ್ಷಿತಜ್ಞ ಸಲೀಂ ಅಲಿ ಮತ್ತು ಅವರ ಸಂಸ್ಥೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಹತ್ತು ವರ್ಷಗಳ ಅಧ್ಯಯನ ನಡೆಸಿ, ಎಮ್ಮೆಗಳು ಹೊರಹೋದದ್ದರಿಂದಲೇ ಹಕ್ಕಿಗಳ ನೆಲೆ ಕೆಟ್ಟಿದೆ ಎಂದು ವರದಿ ಬರೆದದ್ದೂ ಅದೇ ಸಂಸ್ಥೆ. ಈ ಎರಡು ವಾಕ್ಯಗಳ ನಡುವಿನ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮನುಷ್ಯರು ಕಟ್ಟಿದ ಕೆರೆ

ಮೊದಲು ನೆಲದ ವಿಚಾರ, ಏಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿ. ಕೇವಲಾದೇವ ಘನಾ ಸುಮಾರು 29 ಚದರ ಕಿಲೋಮೀಟರಿನ ಸಣ್ಣ ಜಾಗ. ಹೆಸರಿನಲ್ಲಿ 'ಘನಾ' ಎಂದರೆ ದಟ್ಟ ಕಾಡು ಎಂದರ್ಥ. ಆದರೆ ಅದು ಮನುಷ್ಯರ ಕೈ ತಾಗದೆ ಉಳಿದುಬಂದ ಅರಣ್ಯವಲ್ಲ. ಅದೊಂದು ತಗ್ಗು ಪ್ರದೇಶ. ಹದಿನೆಂಟನೆಯ ಶತಮಾನದಲ್ಲಿ ಸೂರಜ್ ಮಲ್ ಮಹಾರಾಜ ಕಟ್ಟಿಸಿದ ಅಜಾನ್ ಒಡ್ಡು ಅಲ್ಲಿನ ನೀರಿಗೆ ಮೂಲ. ಆಮೇಲಿನ ಅರಸರು ಬಾತುಗಳ ಬೇಟೆಗೆಂದು ಸಣ್ಣ ಸಣ್ಣ ಏರಿಗಳನ್ನು ಹಾಕಿಸಿದರು, ತೂಬುಗಳನ್ನು ಇರಿಸಿದರು, ಯಾವ ಪಾತಿಗೆ ಎಷ್ಟು ನೀರು ಎಂದು ಗೊತ್ತುಮಾಡಿದರು. ನಮ್ಮ ಕಡೆಯ ಕೆರೆ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಏರಿ, ತೂಬು, ಹೂಳು, ದನ, ಜನ ಎಲ್ಲವೂ ಸೇರಿಯೇ ಕೆರೆ.

ಈ ಕೆರೆಯೊಳಗೆ ಸುತ್ತಲಿನ ಹಳ್ಳಿಗಳ ದನ, ಎಮ್ಮೆಗಳು ತಲೆತಲಾಂತರದಿಂದ ಮೇಯುತ್ತಿದ್ದವು. ನಿಷೇಧ ಬರುವ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 2,500. ಜಗತ್ತಿನ ಬೇರೆ ಬೇರೆ ಮೂಲೆಗಳಿಂದ ಹಾರಿಬರುತ್ತಿದ್ದ ಹಕ್ಕಿಗಳು ಇಳಿಯುತ್ತಿದ್ದದ್ದು ಎಮ್ಮೆ ಮೇಯುವ, ಹುಲ್ಲು ಕೊಯ್ಯುವ, ಲಾವಂಚ ಅಗೆಯುವ ಇದೇ ನೆಲಕ್ಕೆ. ಆಗ ಯಾರ ಕಣ್ಣಿಗೂ ಇದೊಂದು ಸಾಕ್ಷ್ಯವಾಗಿ ತೋರಲಿಲ್ಲ. ಹಕ್ಕಿಗಳು ಎಮ್ಮೆಗಳಿದ್ದರೂ ಬರುತ್ತಿವೆ ಎಂದು ತಜ್ಞರು ಓದಿಕೊಂಡರು. ಎಮ್ಮೆಗಳಿರುವುದರಿಂದ ಬರುತ್ತಿರಬಹುದೇ ಎಂಬ ಪ್ರಶ್ನೆ ಏಳಲಿಲ್ಲ.

1956ರಲ್ಲಿ ಅದು ಪಕ್ಷಿಧಾಮವಾಯಿತು. ರಾಜಮನೆತನದ ಬೇಟೆಯ ಹಕ್ಕು 1972ರವರೆಗೂ ಉಳಿಯಿತು. 1981ರಲ್ಲಿ ಚಿಲಿಕಾ ಸರೋವರದ ಜೊತೆಯಲ್ಲಿ, ಜೌಗು ನೆಲಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿತು, 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಸುತ್ತ ಎರಡು ಮೀಟರ್ ಎತ್ತರದ ಗೋಡೆಯೂ ಎದ್ದಿತು.

ಸಲೀಂ ಅಲಿ ಹೇಳಿದ್ದರಲ್ಲಿ ತೂಕವಿತ್ತು

ಈ ಕಥೆಯನ್ನು ಹೇಳುವವರಲ್ಲಿ ಹಲವರು ಸಲೀಂ ಅಲಿಯವರನ್ನು ಹಳ್ಳಿಗರ ಅರಿವಿಲ್ಲದ, ದೂರದ ನಗರದ ಮನುಷ್ಯನಾಗಿ ಚಿತ್ರಿಸುತ್ತಾರೆ. ಅದು ಅನ್ಯಾಯ. ಭರತಪುರದ ಜೌಗಿನಲ್ಲಿ ವರ್ಷಗಟ್ಟಲೆ ಬಲೆ ಹಾಕಿ, ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಅವು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂದು ಪತ್ತೆಹಚ್ಚಿದ್ದು ಅವರ ತಂಡ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆ ಜೌಗನ್ನು ಬಸಿದು ಹೊಲ ಮಾಡಬೇಕೆಂಬ ಒತ್ತಾಯ ಜೋರಾಗಿದ್ದಾಗ ನೆಹರೂ ಅವರ ಮುಂದೆ ಅದರ ಪರವಾಗಿ ಮಾತಾಡಿದವರು ಅವರು. ಅವರಿಲ್ಲದಿದ್ದರೆ ಎಮ್ಮೆಗೂ ಹಕ್ಕಿಗೂ ಜಗಳವಾಡಲು ಅಲ್ಲಿ ಕೆರೆಯೇ ಇರುತ್ತಿರಲಿಲ್ಲ. ನಮ್ಮ ಕಡೆ ನೋಡಿದರೆ, ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಿ, ಕಾವೇರಿಯ ನಡುಗಡ್ಡೆಗಳ ಮಹತ್ವವನ್ನು ಸರ್ಕಾರಕ್ಕೆ ಮನಗಾಣಿಸಿ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಲು ಕಾರಣರಾದವರೂ ಅವರೇ. ಇಂದು ದೋಣಿಯಲ್ಲಿ ಕುಳಿತು ಅಲ್ಲಿನ ಕೊಕ್ಕರೆಗಳನ್ನು ನೋಡುವ ಪ್ರತಿಯೊಬ್ಬರೂ ಅವರ ಋಣದಲ್ಲಿದ್ದಾರೆ.

ದನಗಳ ಬಗ್ಗೆ ಅವರಿಗಿದ್ದ ಆತಂಕಕ್ಕೂ ಆಧಾರವಿತ್ತು. ಅತಿಯಾಗಿ ಮೇದು ಬೋಳಾದ ಗುಡ್ಡಗಳನ್ನು ಅವರ ಪೀಳಿಗೆ ದೇಶದುದ್ದಕ್ಕೂ ಕಂಡಿತ್ತು. 1960ರ ದಶಕದಲ್ಲಿ ಬಂಡೀಪುರದ ಸುತ್ತಿನ ಕಾಡುಗಳಲ್ಲಿ ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗಕ್ಕೆ ಸಿಕ್ಕಿ ಕಾಟಿಗಳು ಸತ್ತಿದ್ದವು. ಅದು ಸಾಕುದನಗಳಿಂದ ಕಾಡಿಗೆ ದಾಟುವ ರೋಗ. ದನ ಹೊರಗೆ, ಕಾಡು ಒಳಗೆ ಎಂಬ ನಿಲುವು ಹಾಗೆ ಅನುಭವದಿಂದ ಬಂದದ್ದು, ಸೋಮಾರಿಯ ಹಟವಲ್ಲ.

ಹಾಗಾದರೆ ಎಡವಿದ್ದು ಎಲ್ಲಿ? ನನಗೆ ಕಾಣುವುದು ಇಷ್ಟು. ತಿಳಿದವರ ಮಾತು ಬೇರೆ, ತಿಳಿದು ಆಡಿದ ಮಾತು ಬೇರೆ. ಭರತಪುರಕ್ಕೆ ಯಾವ ಬಾತು ಯಾವ ತಿಂಗಳು ಬರುತ್ತದೆ ಎಂದು ಸಲೀಂ ಅಲಿ ಹೇಳಿದರೆ ಅದು ತಿಳಿದು ಆಡಿದ ಮಾತು. ಅದರ ಹಿಂದೆ ಸಾವಿರಾರು ಉಂಗುರಗಳ ಲೆಕ್ಕವಿತ್ತು. ಎಮ್ಮೆ ಹೊರಗೆ ಹೋದರೆ ಆ ಜೌಗು ಇನ್ನೂ ಚೆನ್ನಾಗುತ್ತದೆ ಎಂಬುದು ತಿಳಿದವರ ಮಾತು ಅಷ್ಟೇ. ಎಮ್ಮೆ, ಹುಲ್ಲು, ನೀರು ಈ ಮೂರರ ನಡುವಿನ ಸಂಬಂಧವನ್ನು ಅಲ್ಲಿ ಆಗ ಯಾರೂ ಅಳೆದಿರಲಿಲ್ಲ. ಎರಡು ಮಾತುಗಳೂ ಒಂದೇ ಬಾಯಿಂದ, ಒಂದೇ ದನಿಯಲ್ಲಿ ಬಂದಿದ್ದರಿಂದ ಕೇಳಿದವರು ಎರಡಕ್ಕೂ ಒಂದೇ ಬೆಲೆ ಕಟ್ಟಿದರು. ಆಗಿನ ಪ್ರಧಾನಿ ಇಂದಿರಾ ಗಾಂಧಿ ಹಕ್ಕಿಗಳನ್ನು ಬಲ್ಲವರು, ಸಲೀಂ ಅಲಿಯವರ ಮೇಲೆ ಬಹಳ ಗೌರವ ಇಟ್ಟಿದ್ದವರು. ಗೌರವ ಸರಿಯಾದ ವ್ಯಕ್ತಿಗೇ ಸಂದಿತ್ತು. ಆ ಒಂದು ಮಾತಿಗೆ ಆಧಾರವೇನು ಎಂದು ಕೇಳುವುದು ಮಾತ್ರ ಆ ಗೌರವದಲ್ಲಿ ಸೇರಿರಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಭರತಪುರದ ಪರಿಸರವನ್ನು ಅರಿಯಲು ಸೊಸೈಟಿ ಒಂದು ದೀರ್ಘ ಅಧ್ಯಯನವನ್ನು 1980ರಲ್ಲಿಯೇ ಆರಂಭಿಸಿತ್ತು. ಅದರ ಮುಂದಾಳು ವಿ.ಎಸ್. ವಿಜಯನ್. ಎಂದರೆ ಉತ್ತರ ಹುಡುಕುವ ಕೆಲಸ ಆಗಲೇ ಶುರುವಾಗಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, 1982ರ ನವೆಂಬರಿನಲ್ಲಿ, ಉತ್ತರ ಬರುವ ಮೊದಲೇ ಬಾಗಿಲು ಮುಚ್ಚಿದರು. ಹಳ್ಳಿಗರು ಪ್ರತಿಭಟಿಸಿದರು. ಗುಂಡು ಹಾರಿತು.

ಹುಲ್ಲು ಏನು ಹೇಳಿತು

ನಿಷೇಧದ ಬಳಿಕದ ಕೆಲವೇ ವರ್ಷಗಳಲ್ಲಿ ಜೌಗಿನ ಮುಖ ಬದಲಾಯಿತು. ಪ್ಯಾಸ್ಪಾಲಮ್ ಡಿಸ್ಟಿಕಮ್ ಎಂಬ ಹುಲ್ಲು ಅಲ್ಲಿ ಮೊದಲಿನಿಂದಲೂ ಇತ್ತು. ನೆಲದಲ್ಲೂ ನೀರಲ್ಲೂ ಬೆಳೆಯಬಲ್ಲ, ಗಂಟು ಗಂಟಿಗೂ ಬೇರು ಬಿಡುವ ಹುಲ್ಲು ಅದು. ಎಮ್ಮೆ ಮೊಣಕಾಲುದ್ದದ ನೀರಿಗಿಳಿದು, ಮೂತಿಯನ್ನು ಮುಳುಗಿಸಿ ಅದನ್ನು ಮೇಯುತ್ತಿತ್ತು. ದನಕ್ಕೆ ಅಷ್ಟು ನೀರಿನಲ್ಲಿ ಆ ಕೆಲಸ ಆಗದು. ಎಮ್ಮೆಗಳು ಹೋದ ಮೇಲೆ ಹುಲ್ಲಿಗೆ ತಡೆಯೇ ಇಲ್ಲವಾಯಿತು. ಅದು ನೀರಿನ ಮೇಲೆ ಚಾಪೆಯಂತೆ ಹಬ್ಬಿತು, ಒಣಗಿತು, ಒಣಗಿದ್ದರ ಮೇಲೆ ಮತ್ತೆ ಬೆಳೆಯಿತು.

ನೀರಿನ ಮೇಲೆ ಚಾಪೆ ಹಾಸಿದರೆ ಏನಾಗುತ್ತದೆ ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಎಮ್ಮೆ ಮಾಡುತ್ತಿದ್ದ ಕೆಲಸದ ಅಗಾಧತೆ ಅರ್ಥವಾಗುತ್ತದೆ. ಬಿಸಿಲು ತಳ ಮುಟ್ಟುವುದಿಲ್ಲ. ನೀರೊಳಗಿನ ಸೊಪ್ಪುಗಳು ಕೊರಗುತ್ತವೆ. ಆ ಸೊಪ್ಪನ್ನು ತಿನ್ನುವ ಬಾತುಗಳಿಗೆ, ಅದರ ನಡುವೆ ಬದುಕುವ ಹುಳುಗಳಿಗೆ, ಹುಳುಗಳನ್ನು ನಂಬಿದ ಮೀನುಗಳಿಗೆ ಜಾಗ ಕಿರಿದಾಗುತ್ತದೆ. ತೇಲುವ ಹಕ್ಕಿಗೆ ಬೇಕಾದದ್ದು ಬಯಲು ನೀರು. ಇಳಿಯಲು, ಈಜಲು, ಮತ್ತೆ ಏಳಲು. ಸೈಬೀರಿಯಾದ ಬಿಳಿ ಕ್ರೌಂಚಗಳಿಗೆ ಕೆಸರಿನೊಳಗಿನ ಕೊನ್ನಾರಿಯಂಥ ಜೇಕಿನ ಗಡ್ಡೆಗಳು ಆಹಾರ. ಹುಲ್ಲಿನ ದಪ್ಪ ಹಾಸಿನಡಿ ಕೊಕ್ಕು ಇಳಿಯಬೇಕಲ್ಲ! 1990ರಲ್ಲಿ ಕೇವಲಾದೇವ ರಾಮ್ಸರ್ ಒಪ್ಪಂದದ ಮೋಂಟ್ರೋ ದಾಖಲೆಗೆ ಸೇರಿತು. ಅಪಾಯದಲ್ಲಿರುವ ಜೌಗುಗಳ ಪಟ್ಟಿ ಅದು. ಅಲ್ಲಿ ಕೊಟ್ಟ ಕಾರಣಗಳು ಎರಡು: ನೀರಿನ ಕೊರತೆ ಮತ್ತು ಹದ ತಪ್ಪಿದ ಮೇಯಿಸುವಿಕೆ.

ಕ್ರೌಂಚಗಳ ವಿಚಾರದಲ್ಲಿ ಸ್ವಲ್ಪ ನಿಧಾನಿಸಬೇಕು. 1960ರ ದಶಕದ ನಡುವಿನಲ್ಲಿ ಇನ್ನೂರರಷ್ಟು ಬರುತ್ತಿದ್ದ ಅವು ಇಳಿಯುತ್ತಾ ಇಳಿಯುತ್ತಾ, 2001–02ರ ಚಳಿಗಾಲದ ಬಳಿಕ ಭರತಪುರಕ್ಕೆ ಬರುವುದೇ ನಿಂತುಹೋಯಿತು. ಇದನ್ನು ಪೂರ್ತಿಯಾಗಿ ಎಮ್ಮೆ ನಿಷೇಧದ ತಲೆಗೆ ಕಟ್ಟುವವರಿದ್ದಾರೆ. ಹಾಗೆ ಹೇಳಲಾಗದು. ಇಳಿಕೆ ನಿಷೇಧಕ್ಕಿಂತ ಮೊದಲೇ ಶುರುವಾಗಿತ್ತು. ವಲಸೆಯ ದಾರಿಯುದ್ದಕ್ಕೂ ಬೇಟೆಗಾರರ ಬಂದೂಕುಗಳಿದ್ದವು. ಹಳ್ಳಿಗರು ಇನ್ನೊಂದು ಮಾತು ಹೇಳುತ್ತಿದ್ದರು: ನಾವು ಲಾವಂಚದ ಬೇರು ಅಗೆಯುತ್ತಿದ್ದಾಗ ಮಣ್ಣು ಸಡಿಲವಾಗಿ ಹಕ್ಕಿಗೆ ಗಡ್ಡೆ ಸುಲಭವಾಗಿ ಸಿಗುತ್ತಿತ್ತು, ಅದನ್ನೂ ನಿಲ್ಲಿಸಿದಿರಿ ಎಂದು. ಬಹಳ ಜಾಣತನದ ಊಹೆ ಅದು, ಪರೀಕ್ಷಿಸಲು ಯೋಗ್ಯವಾದ ಊಹೆ. ಹಳ್ಳಿಗರು ಹೇಳಿದರೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಎಷ್ಟು ತಪ್ಪೋ, ಅದೇ ಕಾರಣಕ್ಕೆ ಪರೀಕ್ಷೆಯಿಲ್ಲದೆ ಒಪ್ಪುವುದೂ ಅಷ್ಟೇ ತಪ್ಪು.

ವರದಿ ಬರೆದವರು

ಸಲೀಂ ಅಲಿ 1987ರ ಜೂನಿನಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಅಧ್ಯಯನದ ಅಂತಿಮ ವರದಿ 1991ರಲ್ಲಿ ಬಂತು. ಎಮ್ಮೆಗಳು ಆ ಜೌಗಿನ ವ್ಯವಸ್ಥೆಯ ಒಂದು ಅಂಗವಾಗಿದ್ದವು, ಅವು ಹೋದದ್ದರಿಂದ ಹುಲ್ಲು ಮಿತಿಮೀರಿತು, ಹಿಡಿತದಲ್ಲಿಟ್ಟು ಎಮ್ಮೆ ಮೇಯಿಸುವುದು ಆ ಜೌಗಿಗೆ ಹಿತ ಎಂಬುದು ಅದರ ಸಾರ.

ಈ ವರದಿ ಬರೆದವರ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಿ. ತಮ್ಮದೇ ಸಂಸ್ಥೆ ಕೇಳಿ ಪಡೆದ ನಿಷೇಧ. ಸಂಸ್ಥೆಯ ಪ್ರಾಣದಂತಿದ್ದ ಹಿರಿಯರ ಸಲಹೆ. ಆ ಹಿರಿಯರು ಈಗ ಇಲ್ಲ, ಅವರ ಹೆಸರು ಇನ್ನಷ್ಟು ಎತ್ತರಕ್ಕೆ ಏರಿದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ನಿಷೇಧಕ್ಕಾಗಿ ಜನ ಸತ್ತಿದ್ದಾರೆ. 'ನಾವು ತಪ್ಪಿದ್ದೆವು' ಎಂದು ಬರೆದರೆ ಆ ಸಾವುಗಳು ನಿಷ್ಕಾರಣವಾದವು ಎಂದೂ ಬರೆದಂತೆ. ಮನುಷ್ಯ ಅಭಿಪ್ರಾಯ ಬದಲಿಸಲು ಹಿಂಜರಿಯುವುದು ಅಹಂಕಾರದಿಂದ ಮಾತ್ರವಲ್ಲ. ಆ ಅಭಿಪ್ರಾಯಕ್ಕೆ ಈಗಾಗಲೇ ತೆತ್ತ ಬೆಲೆ ದೊಡ್ಡದಾದಷ್ಟೂ ಅದನ್ನು ಬಿಟ್ಟುಕೊಡುವುದು ಕಷ್ಟ. ಅಂಕಿಗಳನ್ನು ಮೆತ್ತಗೆ ಮಾಡಲು, ಇನ್ನಷ್ಟು ಅಧ್ಯಯನ ಬೇಕು ಎಂದು ಮುಂದೂಡಲು, ನೀರಿನ ಕೊರತೆಯೊಂದನ್ನೇ ಮುಂದೆ ಮಾಡಲು ಅವರಿಗೆ ದಾರಿಗಳಿದ್ದವು. ಅವರು ಕಂಡದ್ದನ್ನು ಬರೆದರು. ಭಾರತದ ವಿಜ್ಞಾನದ ಚರಿತ್ರೆಯಲ್ಲಿ ಇದು ಹೆಮ್ಮೆಪಡಬೇಕಾದ ಘಟನೆ ಎಂದು ನಾನು ನಂಬಿದ್ದೇನೆ. ಹೊಸದೊಂದನ್ನು ಕಂಡುಹಿಡಿದವರಿಗೆ ನಾವು ಸನ್ಮಾನ ಮಾಡುತ್ತೇವೆ. ಹೀಗೆ ಬರೆದವರಿಗೆ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ.

ಆದರೂ ಒಂದು ಸಂಗತಿ ಮನಸ್ಸಿಗೆ ಹಿತ ಕೊಡುತ್ತದೆ. ಕೊಯಮತ್ತೂರಿನಲ್ಲಿ ಸಲೀಂ ಅಲಿಯವರ ಹೆಸರಿನಲ್ಲಿಯೇ ಪಕ್ಷಿವಿಜ್ಞಾನದ ರಾಷ್ಟ್ರೀಯ ಕೇಂದ್ರವೊಂದು 1990ರಲ್ಲಿ ಆರಂಭವಾಯಿತು. ಅದರ ಸ್ಥಾಪಕ ನಿರ್ದೇಶಕರಾದವರು ಇದೇ ವಿಜಯನ್. ಗುರುವಿನ ಒಂದು ಮಾತನ್ನು ಅಳೆದು, ತಪ್ಪೆಂದು ತೋರಿಸಿ, ಆ ಗುರುವಿನ ಹೆಸರಿನ ಮನೆಯನ್ನು ಕಟ್ಟಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಂಥದ್ದೇ ಒಂದು ಉತ್ತರ ಕನ್ನಡದಲ್ಲಿ

ಭರತಪುರಕ್ಕಿಂತ ಮೊದಲೇ, 1970ರ ದಶಕದ ನಡುವಿನಲ್ಲಿ, ನಮ್ಮ ಉತ್ತರ ಕನ್ನಡದ ಕಾಡಿನಲ್ಲಿ ಇದರ ಚಿಕ್ಕ ರೂಪವೊಂದು ನಡೆದಿತ್ತು. ಬಿದಿರು ಬೇಗ ಬೇಗ ಮುಗಿಯುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಕಾಗದದ ಕಾರ್ಖಾನೆಯತ್ತ ಬೆರಳು ತೋರಿಸಿದರು. ಅರಣ್ಯ ಇಲಾಖೆಯವರು ಮತ್ತು ಕಾರ್ಖಾನೆಯವರು ಹಳ್ಳಿಗರನ್ನು ಮತ್ತು ಅವರ ದನಗಳನ್ನು ದೂರಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರರು ಕಾಡಿಗಿಳಿದು ಮೆಳೆ ಮೆಳೆಯನ್ನೂ ಎಣಿಸಲು ತೊಡಗಿದರು.

ಬಿದಿರುಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳ ದಟ್ಟ ಹೆಣಿಗೆ ಇರುತ್ತದೆ. ಅದನ್ನು ಸವರಿ ತೆಗೆದರೆ ಮೆಳೆಗೆ ಗಾಳಿಯಾಡಿ ಹೊಸ ಕಳಲೆಗಳು ಚೆನ್ನಾಗಿ ಏಳುತ್ತವೆ ಎಂಬುದು ಅರಣ್ಯಶಾಸ್ತ್ರದ ಪಾಠವಾಗಿತ್ತು. ಕಡಿಯುವವರು ಹಾಗೆಯೇ ಮಾಡುತ್ತಿದ್ದರು. ಹಳ್ಳಿಗರು ಬೇಡ ಎನ್ನುತ್ತಿದ್ದರು. ಮುಳ್ಳು ಕಳಲೆಗೆ ಬೇಲಿ, ಅದನ್ನು ತೆಗೆದರೆ ಎಳೆ ಕಳಲೆಯನ್ನು ಪ್ರಾಣಿಗಳು ತಿಂದುಬಿಡುತ್ತವೆ ಎಂಬುದು ಅವರ ಮಾತು. ಕೆಲವು ಮಳೆಗಾಲಗಳ ಲೆಕ್ಕ ಹಿಡಿದ ಮೇಲೆ ಹಳ್ಳಿಗರ ಮಾತೇ ನಿಜವಾಯಿತು. ಕಾಲೇಜಿನಲ್ಲಿ ಕಲಿತ ಪಾಠವನ್ನು ಮೇದಾರನೊಬ್ಬನ ಮಾತಿನ ಎದುರು ಇಟ್ಟು ತೂಗಿ ನೋಡಬೇಕೆಂದು ಆ ವಿಜ್ಞಾನಿಗಳಿಗೆ ಅನಿಸಿತಲ್ಲ, ದೊಡ್ಡದು ಅದು. ಮೇದಾರನ ಮಾತೂ ತಿಳಿದು ಆಡಿದ ಮಾತೇ. ಅದನ್ನು ತಿಳಿದವರ ಪಟ್ಟಿಯಲ್ಲಿಲ್ಲದವನು ಆಡಿದ್ದನಷ್ಟೆ.

ಭರತಪುರದಲ್ಲಿ ಎಮ್ಮೆ ಕಾಯುವವನನ್ನು 1982ಕ್ಕೆ ಮೊದಲು ಯಾರಾದರೂ ಹೀಗೆ ಕೂರಿಸಿಕೊಂಡು, ನಿನ್ನ ಎಮ್ಮೆ ಯಾವ ತಿಂಗಳು ಯಾವ ಹುಲ್ಲು ತಿನ್ನುತ್ತದೆ, ತಿನ್ನದೆ ಬಿಟ್ಟ ವರ್ಷ ಏನಾಗುತ್ತದೆ ಎಂದು ಕೇಳಿ ಬರೆದುಕೊಂಡಿದ್ದರೆ!

ನನ್ನ ತಿದ್ದುಪಡಿ

ಭರತಪುರದ ಕಥೆಯನ್ನು ಮೊದಲು ಓದಿದಾಗ ನಾನು ಅದನ್ನು ಒಂದು ಅಸ್ತ್ರದಂತೆ ಹಿಡಿದುಕೊಂಡೆ. ಯಾರಾದರೂ ಕಾಡಿನಿಂದ ದನ ಹೊರಗಿಡಬೇಕು ಎಂದರೆ ಸಾಕು, ಭರತಪುರ ನೋಡಿ ಎನ್ನುತ್ತಿದ್ದೆ. ವರ್ಷಗಳ ಕಾಲ ಹಾಗೆ ವಾದಿಸಿದ್ದೇನೆ. ಆಮೇಲೆ ಬಂಡೀಪುರದ ಕಾಟಿಗಳ ರೋಗದ ಬಗ್ಗೆ, ಒಣ ಎಲೆಯುದುರುವ ಕಾಡಿನಲ್ಲಿ ಜಿಂಕೆ, ಕಾಟಿಗಳೊಂದಿಗೆ ದನಗಳು ಮೇವಿಗೆ ಪೈಪೋಟಿ ನಡೆಸುವುದರ ಬಗ್ಗೆ ಓದುತ್ತಾ ಹೋದಂತೆ, ನಾನು ಮಾಡುತ್ತಿದ್ದದ್ದೂ ಅದೇ ತಪ್ಪು ಎಂದು ತಿಳಿಯಿತು. ಒಂದು ಕಡೆ ಕಂಡ ಸತ್ಯವನ್ನು ಅಳೆಯದೆ ಇನ್ನೊಂದು ಕಡೆಗೆ ಹೊತ್ತೊಯ್ಯುವುದು. ಬೋಳು ಗುಡ್ಡಗಳಿಂದ ಕಲಿತ ಪಾಠವನ್ನು ತಜ್ಞರು ಎಮ್ಮೆಯ ಕೆರೆಗೆ ತಂದರು. ಎಮ್ಮೆಯ ಕೆರೆಯಿಂದ ಕಲಿತ ಪಾಠವನ್ನು ನಾನು ಹುಲಿಯ ಕಾಡಿಗೆ ಒಯ್ಯುತ್ತಿದ್ದೆ. ಭರತಪುರದ ವರದಿ ಹೇಳಿದ್ದು ಆ ಜೌಗಿಗೆ, ಆ ಹುಲ್ಲಿಗೆ, ಹಿಡಿತದಲ್ಲಿಟ್ಟ ಎಮ್ಮೆಗಳಿಗೆ ಸಂಬಂಧಿಸಿದ ಮಾತು. ಗೇಟು ತೆರೆದು ಎಷ್ಟು ಬೇಕಾದರೂ ದನ ಬಿಡಿ ಎಂದು ಅದು ಹೇಳಿಲ್ಲ.

ಬಂಡೀಪುರದ ಬಗ್ಗೆ ಈಗ ನನ್ನ ನಿಲುವು ಮೊದಲಿನದಲ್ಲ. ಭರತಪುರದ ಬಗ್ಗೆ ಅದೇ ಉಳಿದಿದೆ.

ಗೋಡೆ

ಅಭಿಪ್ರಾಯ ಬದಲಾಯಿತು. ಆದರೆ ಎಮ್ಮೆಗಳು ಹಿಂದಿರುಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಸಾಕುಪ್ರಾಣಿ ಮೇಯಿಸುವಂತಿಲ್ಲ. ಪಕ್ಷಿಧಾಮವಾಗಿಯೇ ಉಳಿದಿದ್ದರೆ ಕಾಯ್ದೆಯಲ್ಲಿ ಸ್ವಲ್ಪ ಅವಕಾಶವಿರುತ್ತಿತ್ತು. ಉದ್ಯಾನದ ದರ್ಜೆಗೆ ಏರಿಸಿದ ಮೇಲೆ ಇಳಿಸುವುದು ಸುಲಭವಲ್ಲ. ಮಾತಾಗಿದ್ದಷ್ಟು ದಿನ ಅಭಿಪ್ರಾಯವನ್ನು ತಿದ್ದಬಹುದು. ಅಧಿಸೂಚನೆಯಾಗಿ, ಕಲ್ಲುಗೋಡೆಯಾಗಿ ನಿಂತ ಮೇಲೆ ಅದನ್ನು ಹೇಳಿದವರೇ ಬಂದು ಹಿಂತೆಗೆದುಕೊಳ್ಳುತ್ತೇವೆ ಎಂದರೂ ಅದು ಅಲ್ಲಾಡುವುದಿಲ್ಲ. ಹಾಗೆಂದೇ, ಹತ್ತು ವರ್ಷದ ಅಧ್ಯಯನ ಆರಂಭವಾದ ಎರಡನೆಯ ವರ್ಷದಲ್ಲಿ ಶಾಶ್ವತ ನಿಷೇಧ ಹೇರುವ ಬದಲು ಒಂದು ಮೂಲೆಯಲ್ಲಿ ಎಮ್ಮೆ ತಡೆದು, ಇನ್ನೊಂದು ಮೂಲೆಯಲ್ಲಿ ಬಿಟ್ಟು, ನಾಲ್ಕು ಮಳೆಗಾಲ ನೋಡಬಹುದಿತ್ತು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ. 29 ಚದರ ಕಿಲೋಮೀಟರಿನಲ್ಲಿ, ಏರಿಗಳಿಂದ ಆಗಲೇ ಭಾಗವಾಗಿದ್ದ ಜೌಗಿನಲ್ಲಿ, ಅದು ಕಷ್ಟದ ಕೆಲಸವಾಗಿರಲಿಲ್ಲ. ಆ ನವೆಂಬರಿನಲ್ಲಿ ಯಾರೂ ಸಾಯಬೇಕಾಗಿರಲಿಲ್ಲ.

ಕೊನೆಗೆ ಆಡಳಿತ ಕಂಡುಕೊಂಡ ದಾರಿ ಎಮ್ಮೆಯ ಕೆಲಸವನ್ನು ಮನುಷ್ಯರಿಂದ ಮಾಡಿಸುವುದು. ಸುತ್ತಲಿನ ಹಳ್ಳಿಗಳವರಿಗೆ ಅನುಮತಿ ಚೀಟಿ ಕೊಟ್ಟು ಒಳಗೆ ಬಿಟ್ಟರು. ಅವರು ಕುಡುಗೋಲು ಹಿಡಿದು ಒಳಗೆ ಹೋಗಿ, ಹುಲ್ಲು ಕೊಯ್ದು, ಹೊರೆ ಕಟ್ಟಿ, ಗೋಡೆಯಾಚೆ ಕಾಯುತ್ತಿರುವ ಎಮ್ಮೆಗಳ ಮುಂದೆ ತಂದು ಹಾಕಿದರು.